ಹಳ್ಳದ ಕಲ್ಲು ಮಗುಚಿದ ದಿನ

"ಚಿಕ್ಕಪ್ಪ, ನಿಮ್ಮ ಹಳ್ಳ ನನಗೆ ಒಂದು ದಿನದ ಮಟ್ಟಿಗೆ ಬೇಕಿತ್ತು" ಎಂದು ಅಣ್ಣನ ಮಗಳು ಫೋನ್ ಮಾಡಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಗದ್ದೆ ಕೇಳುವವರಿದ್ದಾರೆ, ಜೀಪು ಕೇಳುವವರಿದ್ದಾರೆ. ಹಳ್ಳ ಕೇಳಿದವರು ಇವಳೇ ಮೊದಲು. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಹರಿಯುವ ನೀರಿನ ಹುಳಗಳ ಮೇಲೆ ಪ್ರಾಜೆಕ್ಟ್ ಮಾಡಬೇಕಂತೆ.

ಡಿಸೆಂಬರ್ ಎರಡನೇ ವಾರ ಬಂದಿಳಿದಳು. ಒಂದು ಬಲೆ, ಎರಡು ಬಿಳಿ ಟ್ರೇ, ಚಿಮಟ, ನಲವತ್ತು ಪುಟ್ಟ ಬಾಟ್ಲಿ, ಒಂದು ಕ್ಯಾನ್ ಆಲ್ಕೋಹಾಲ್. ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದ ಅಮ್ಮ ಗಾಬರಿಯಾದರು. ಹುಳ ಕೆಡದ ಹಾಗೆ ಇಡೋಕೆ ಅಜ್ಜಿ ಎಂದು ಎಷ್ಟು ಹೇಳಿದರೂ ಆ ಕ್ಯಾನನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ.

ನಮ್ಮ ಮನೆ ಕಳಸದಿಂದ ಸ್ವಲ್ಪ ಒಳಗೆ. ಹಿಂದೆ ಕಾಡು, ಅದರ ಮೇಲೆ ಕುದುರೆಮುಖದ ಸಾಲಿನ ಹುಲ್ಲುಗುಡ್ಡಗಳು. ಅಲ್ಲಿಂದ ಇಳಿಯುವ ಹಳ್ಳ ನಮ್ಮ ಅಡಿಕೆ ತೋಟದ ನಡುವೆ ಹಾದು, ಕೆಳಗಿನ ಕಾಫಿ ತೋಟಗಳ ಪಕ್ಕದಲ್ಲಿ ಸಾಗಿ ಭದ್ರೆಗೆ ಸೇರುತ್ತದೆ. ಕಾಡಿನೊಳಗೆ ಒಂದು ಕಡೆ, ನಮ್ಮ ತೋಟದಲ್ಲಿ ಒಂದು ಕಡೆ, ಕಾಫಿ ತೋಟ ದಾಟಿದ ಮೇಲೆ ಮೋರಿಯ ಹತ್ತಿರ ಒಂದು ಕಡೆ, ಹೀಗೆ ಮೂರು ಜಾಗ ಗುರುತು ಮಾಡಿಕೊಂಡು ಬಂದಿದ್ದಳು. ಅರಣ್ಯ ಇಲಾಖೆಯ ಅನುಮತಿ ಪತ್ರವೂ ಬ್ಯಾಗಿನಲ್ಲಿತ್ತು.

ಬೆಳಿಗ್ಗೆ ಎಂಟಕ್ಕೆ ಕಾಡು ಹತ್ತಿದೆವು. ಮಳೆಗಾಲದ ಕೆಂಪು ಹೋಗಿ ನೀರು ತಿಳಿಯಾಗಿತ್ತು. ದೊಡ್ಡ ಬಂಡೆ, ಮಧ್ಯೆ ಗುಂಡುಕಲ್ಲು, ಕಲ್ಲಿನ ಸಂದಿಯಲ್ಲಿ ಕೊಳೆತ ಎಲೆಯ ರಾಶಿ. ಮೇಲೆ ಮರದ ಚಪ್ಪರ ಎಷ್ಟು ದಟ್ಟವಾಗಿತ್ತೆಂದರೆ ಟಾರ್ಚ್ ಬೇಕೇನೋ ಅನ್ನಿಸುವಂತಿತ್ತು. ಥರ್ಮಾಮೀಟರ್ 19 ಡಿಗ್ರಿ ತೋರಿಸಿತು.

ಕೆಲಸ ಸುಲಭದ್ದು. ಹರಿವಿಗೆ ಅಡ್ಡವಾಗಿ ಒಬ್ಬರು ಬಲೆ ಹಿಡಿಯಬೇಕು. ಇನ್ನೊಬ್ಬರು ಅದರ ಮೇಲ್ಗಡೆ ನಿಂತು ಕಾಲಿನಿಂದ ಕಲ್ಲು ಕೆದಕಬೇಕು. ಕಲ್ಲಿಗಂಟಿದ್ದ ಹುಳಗಳು ಕಿತ್ತು ಬಂದು ಬಲೆಗೆ ಬೀಳುತ್ತವೆ. ಕೆದಕುವ ಕೆಲಸ ನನ್ನದು. ಎರಡೇ ನಿಮಿಷಕ್ಕೆ ಪಾದ ಮರಗಟ್ಟಿತು. ಬಲೆ ಟ್ರೇಗೆ ಕೊಡವಿದಳು. ನನಗೆ ಕಂಡಿದ್ದು ಕಸ, ಮರಳು, ಎಲೆ ಚೂರು.

"ಸುಮ್ನೆ ಒಂದು ನಿಮಿಷ ನೋಡ್ತಾ ಇರಿ ಚಿಕ್ಕಪ್ಪ."

ನೋಡುತ್ತಾ ಇದ್ದೆ. ಕಸ ನಡೆಯತೊಡಗಿತು.

ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಎರಡೂ ಬದಿಯಲ್ಲಿ ಪುಟ್ಟ ಕಿವಿರು ಬಡಿಯುತ್ತಿದ್ದದ್ದು ಮೇಫ್ಲೈ ಮರಿ. ಬಾಲದಲ್ಲಿ ಎರಡೇ ಎಳೆ, ಪ್ರತಿ ಕಾಲಿನ ತುದಿಗೆ ಜೋಡಿ ಉಗುರು ಇದ್ದದ್ದು ಸ್ಟೋನ್‌ಫ್ಲೈ. ಇದಕ್ಕೆ ತಣ್ಣನೆಯ, ಗಾಳಿ ಬೆರೆತ, ಶುದ್ಧ ನೀರೇ ಬೇಕು, ಸ್ವಲ್ಪ ಕೆಟ್ಟರೂ ಮೊದಲು ಜಾಗ ಖಾಲಿ ಮಾಡುವ ಜಾತಿ. ಒಂದು ಕಲ್ಲಿನ ಮೇಲೆ ಹಳೇ ಪೈಸೆಯಂಥ ಚಪ್ಪಟೆ ಮಚ್ಚೆ ಇತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಅಡಿಯಲ್ಲಿ ಆರು ಕಾಲು! ಅದು ಒಂದು ಜಾತಿಯ ಜೀರುಂಡೆಯ ಮರಿ. ಹೆಸರೇ ವಾಟರ್ ಪೆನ್ನಿ.

ಚಿಕ್ಕಂದಿನಲ್ಲಿ ಏಡಿ ಹಿಡಿಯಲು ಇದೇ ಹಳ್ಳದ ಕಲ್ಲುಗಳನ್ನು ಸಾವಿರ ಸಲ ಮಗುಚಿದ್ದೇನೆ. ಏಡಿ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಇನ್ನೊಂದನ್ನು ಅವಳು ನನ್ನ ಅಂಗೈ ಮೇಲೇ ಇಟ್ಟಳು. ಅಕ್ಕಿಕಾಳಿಗಿಂತ ಒಂಚೂರು ಉದ್ದದ, ಮರಳಿನ ಕೊಳವೆ. ಒಂದೊಂದು ಕಣವನ್ನೂ ಆರಿಸಿ, ಗೋಡೆ ಕಟ್ಟುವವರು ಕಲ್ಲು ಕೂರಿಸುವ ಹಾಗೆ ಕೂರಿಸಿತ್ತು. ದೊಡ್ಡ ಕಣಗಳು ಬದಿಗೆ, ಸಣ್ಣವು ಸಂದಿಗೆ. ಅಂಟಿಸಲು ಬಾಯಿಂದ ತೆಗೆದ ರೇಷ್ಮೆ. ಸ್ವಲ್ಪ ಹೊತ್ತಿಗೆ ಕೊಳವೆಯ ಒಂದು ತುದಿಯಿಂದ ಕಂದು ತಲೆ ಹೊರಬಂತು. ಆಮೇಲೆ ಕಾಲುಗಳು. ನನ್ನ ಕೈಯ ಗೆರೆಯೊಂದನ್ನು ಹಿಡಿದು ಮನೆಯನ್ನು ಎಳೆದುಕೊಂಡು ಎರಡು ಹೆಜ್ಜೆ ಇಟ್ಟಿತು. ಕ್ಯಾಡಿಸ್‌ಫ್ಲೈ ಮರಿಯಂತೆ. ಎಲೆಯ ಚೂರು ಕತ್ತರಿಸಿ ಹೊದ್ದುಕೊಳ್ಳುವವೂ ಇವೆ. ಇನ್ನು ಕೆಲವು ಮನೆ ಕಟ್ಟದೆ, ಕಲ್ಲಿನ ಸಂದಿಗೆ ಬಲೆ ಕಟ್ಟಿ, ಹರಿದು ಬಂದದ್ದನ್ನು ಸೋಸಿ ತಿನ್ನುತ್ತವೆ. ಅದನ್ನು ವಾಪಸ್ ನೀರಿಗೆ ಬಿಡು ಎಂದೆ. ಒಂದು ಸ್ಯಾಂಪಲ್ ಬೇಕೇ ಬೇಕು ಎಂದಳು. ಆಲ್ಕೋಹಾಲ್ ಬಾಟ್ಲಿಗೆ ಬೀಳುವುದನ್ನು ನೋಡಲಾರದೆ ಬೇರೆ ಕಡೆ ತಿರುಗಿದೆ.

ಅಲ್ಲೇ ಬಂಡೆ ಮೇಲೆ ಕೂತು ಕಡುಬು ತಿನ್ನುವಾಗ ಒಂದು ವಿಷಯ ಹೇಳಿದಳು. 2005ರಲ್ಲಿ ಕೆ.ಎ. ಸುಬ್ರಮಣಿಯನ್, ಕೆ.ಜಿ. ಶಿವರಾಮಕೃಷ್ಣನ್ ಮತ್ತು ಮಾಧವ ಗಾಡ್ಗೀಳ್ ನಮ್ಮ ಈ ಕುದುರೆಮುಖದ ಹಳ್ಳಗಳ ಹುಳಗಳ ಮೇಲೇ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ದಡದಲ್ಲಿ ಏನಿದ್ದರೆ ನೀರಿನಲ್ಲಿ ಏನಿರುತ್ತದೆ ಎಂಬ ಲೆಕ್ಕ ಅದು. ಗಾಡ್ಗೀಳ್ ಹೆಸರು ಕೇಳಿದರೆ ನಮ್ಮ ಕಡೆ ಅನೇಕರಿಗೆ, ಪಶ್ಚಿಮ ಘಟ್ಟ ಉಳಿಸಲು ಏನೇನು ಮಾಡಬಾರದು ಎಂದು ಅವರ ಸಮಿತಿ ಹೇಳಿದ 2011ರ ವರದಿ ನೆನಪಾಗಿ ಮುಖ ಹುಳ್ಳಗಾಗುತ್ತದೆ. ನನ್ನದೂ ಆಯಿತು. ತೋಟದವರಿಗೆ ಬೈದಿರಬೇಕು ಅಂದುಕೊಂಡೆ.

ಇಲ್ಲ. ಎಲ್ಲಕ್ಕಿಂತ ಹೆಚ್ಚು ಬಗೆಯ ಹುಳ ಸಿಕ್ಕಿದ್ದು ದಡದಲ್ಲಿ ಅರೆ ನಿತ್ಯಹರಿದ್ವರ್ಣದ ಕಾಡಿದ್ದ ಹಳ್ಳಗಳಲ್ಲಿ. ಸಿಕ್ಕ ಹುಳಗಳ ಸಂಖ್ಯೆಯನ್ನು ಸಮ ಮಾಡಿ ಹೋಲಿಸಿದಾಗ, ಮನೆ ಮತ್ತು ಅಡಿಕೆ ತೋಟದ ಪಕ್ಕದ ಹಳ್ಳಗಳು ನಿತ್ಯಹರಿದ್ವರ್ಣ ಕಾಡಿನ ಹಳ್ಳಗಳಿಗಿಂತ ಮುಂದಿದ್ದವು! ತೀರಾ ಕೆಳಗಿದ್ದದ್ದು ಕುರುಚಲು ಮತ್ತು ಕಬ್ಬಿಣದ ಅದಿರಿನ ಗಣಿ ಪಕ್ಕದವು. ಆ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ ಅದೇ 2005ರ ಕೊನೆಗೆ ನಿಂತಿತು. ಮೇಲಿನ ಹುಲ್ಲುಗುಡ್ಡದ ತೊರೆಗಳಲ್ಲೂ ಬಗೆ ಕಡಿಮೆ, ಸಿಗುವ ಜಾತಿಗಳೂ ಭತ್ತದ ಗದ್ದೆ ಕಡೆಯವನ್ನೇ ಹೋಲುತ್ತವಂತೆ. ಆದರೆ ಆ ಹುಲ್ಲುಗಾವಲು ತಾನಾಗೇ ಇರುವಂಥದ್ದು, ಯಾರೂ ಕಾಡು ಕಡಿದು ಮಾಡಿದ್ದಲ್ಲ. ಅಂದರೆ ಹುಳ ಕಡಿಮೆ ಇದ್ದ ಕಡೆಯೆಲ್ಲ ಯಾರೋ ಕೆಡಿಸಿದ್ದಾರೆ ಅನ್ನುವ ಹಾಗೂ ಇಲ್ಲ.

ನನಗೆ ಅದೆಲ್ಲ ಬೇಡವಾಗಿತ್ತು. ಅಡಿಕೆ ತೋಟ ಪಾಸು ಅನ್ನುವುದೊಂದೇ ತಲೆಯಲ್ಲಿ ಕೂತಿತು. ಇಳಿಯುವಾಗ ನಾನೇ ಮುಂದೆ, ಬಲೆಯೂ ನನ್ನ ಹೆಗಲ ಮೇಲೆ.

ತೋಟದ ಹಳ್ಳಕ್ಕೆ ಬಂದಾಗ ಹನ್ನೆರಡು ಗಂಟೆ. ಅವಳು ದಡದಲ್ಲೇ ನಿಂತು ಸುಮಾರು ಹೊತ್ತು ಆಚೀಚೆ ನೋಡಿದಳು.

"ಇದು ಇಷ್ಟು ನೇರ ಯಾವಾಗ ಆಯ್ತು?"

2019ರ ಆಗಸ್ಟ್ ಮಳೆ ನಮ್ಮ ಭಾಗದಲ್ಲಿ ಯಾರೂ ಮರೆಯುವಂಥದ್ದಲ್ಲ. ಗುಡ್ಡ ಜರಿಯಿತು, ಹಳ್ಳ ದಿಕ್ಕು ಬಿಟ್ಟು ತೋಟಕ್ಕೆ ನುಗ್ಗಿತು. ಫಲಕ್ಕೆ ಬಂದ ಅರವತ್ತು ಮರ ಹೋದವು. ಮರುವರ್ಷ ಬೇಸಿಗೆಯಲ್ಲಿ ಜೆಸಿಬಿ ತರಿಸಿದೆ. ಎರಡೂವರೆ ದಿನ ಕೆಲಸ ನಡೆಯಿತು. ಬಂಡೆ, ಗುಂಡುಕಲ್ಲು ಎತ್ತಿ ಎರಡೂ ದಡಕ್ಕೆ ಒಟ್ಟಿದ್ದಾಯಿತು. ಅಂಕುಡೊಂಕು ತೆಗೆದು, ಆಳ ಮಾಡಿ, ಚಾನೆಲ್ ಥರ ಮಾಡಿಸಿದೆ. ಯಂತ್ರ ಓಡಾಡಲು ಅಡ್ಡ ಅಂತ ದಡದ ಅತ್ತಿ, ನೇರಳೆ, ವಾಟೆ ಹಿಂಡಿಲು ಎಲ್ಲ ತೆಗೆಸಿದೆ. ಆಮೇಲೆ ವರ್ಷ ಬಿಟ್ಟು ವರ್ಷ ಬೇಸಿಗೆಯಲ್ಲಿ ಒಂದು ದಿನ ಹೂಳು ತೆಗೆಸುವುದು ರೂಢಿಯಾಗಿದೆ. ನೋಡಿದವರು ಚೊಕ್ಕ ಮಾಡಿದ್ದೀರಿ ಎಂದು ಹೊಗಳಿದ್ದರು. ನಾನೂ ನಾಲ್ಕು ಜನಕ್ಕೆ ತೋರಿಸಿ ಬೀಗಿದ್ದೆ.

ಕೆದಕಲು ಕಲ್ಲೇ ಇರಲಿಲ್ಲ. ಕಾಲಿಟ್ಟರೆ ಹಿಮ್ಮಡಿವರೆಗೆ ನುಣ್ಣನೆ ಹೂಳು. ನೀರು 24 ಡಿಗ್ರಿ. ಹೊತ್ತೂ ಏರಿತ್ತು ಅನ್ನಿ, ಪೂರ್ತಿ ತಪ್ಪು ಜೆಸಿಬಿಯದ್ದಲ್ಲ. ಆದರೆ ಬಿಸಿಲು ನೇರ ನೀರಿಗೇ ಬೀಳುತ್ತಿತ್ತು. ಇದ್ದ ನಾಲ್ಕು ಕಲ್ಲಿನ ಮೇಲೆ ಹಸಿರು ಪಾಚಿ ಕೂದಲಿನ ಹಾಗೆ ಬೆಳೆದಿತ್ತು.

ಟ್ರೇ ಖಾಲಿಯಿರಲಿಲ್ಲ. "ನೋಡು, ಹುಳ ಬೇಕಾದಷ್ಟಿವೆ" ಎಂದೆ.

"ಇವೆ ಚಿಕ್ಕಪ್ಪ. ಲೆಕ್ಕ ಹಾಕಿದ್ರೆ ಕಾಡಿಗಿಂತ ಜಾಸ್ತಿನೇ ಇರಬಹುದು. ಆದರೆ ಎಲ್ಲಾ ಅದೇ ಎರಡು ಮೂರು ಥರದ್ದು."

ಪಾಚಿ ತಿನ್ನುವ ಸಣ್ಣ ಮೇಫ್ಲೈ ಮರಿಗಳು, ದಾರದ ತುಂಡಿನಂಥ ನೊಣದ ಮರಿಗಳು. ಅಷ್ಟೇ. ಸ್ಟೋನ್‌ಫ್ಲೈ ಒಂದೂ ಇಲ್ಲ. ಮರಳಿನ ಮನೆಯವನೂ ಇಲ್ಲ. ಎಲೆ ತಿನ್ನುವ ಹುಳಕ್ಕೆ ಎಲೆ ಉದುರಿಸುವ ಮರ ಬೇಕು, ಕಲ್ಲಿನ ಸಂದಿಯಲ್ಲಿ ಬದುಕುವುದಕ್ಕೆ ಸಂದಿ ಬೇಕು. ಸಂದಿಗೆಲ್ಲ ಹೂಳು ಮೆತ್ತಿದರೆ ಕಲ್ಲಿದ್ದೂ ಇಲ್ಲದ ಹಾಗೆ. ಆ ಅಧ್ಯಯನದ ಅಡಿಕೆ ತೋಟದ ಹಳ್ಳಗಳು ಬಹುಶಃ ನಮ್ಮ ಅಪ್ಪನ ಕಾಲದ ಹಾಗಿದ್ದವು. ಪಕ್ಕದಲ್ಲಿ ತೋಟ, ದಡದಲ್ಲಿ ಮರ, ನಡುವೆ ಕಲ್ಲು. ಇದು ನನ್ನ ಊಹೆ, ಅವಳದ್ದಲ್ಲ.

ತೋಟದ ಕೆಲಸದ ಮಂಜಣ್ಣ ಪಕ್ಕದಲ್ಲೇ ನಿಂತಿದ್ದ. "ಏಡೀನೂ ಇಲ್ಲ ಗೌಡ್ರೆ ಈಗ" ಎಂದ. ಮೊದಲೇ ಹೇಳಬಾರದಿತ್ತಾ ಎಂದರೆ, "ನೀವು ಕೇಳ್ಲಿಲ್ಲ" ಎಂದ.

"ಕೊಳೆ ಔಷಧಿ ಹೊಡೆದ ಡ್ರಮ್ ಎಲ್ಲಿ ತೊಳೀತೀರಿ?" ಅವಳ ಮುಂದಿನ ಪ್ರಶ್ನೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ. ಅದರ ತಾಮ್ರ ನೀರಿನ ಹುಳಗಳಿಗೆ ವಿಷ. ಮಂಜಣ್ಣ ನನ್ನ ಮುಖ ನೋಡಿದ. ಊಟಕ್ಕೆ ಹೊತ್ತಾಯ್ತು ಎಂದು ಹೊರಡಿಸಿದೆ.

ಮೂರನೇ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ. ಅರೇಬಿಕಾ ಕೊಯ್ಲಿನ ಕಾಲ. ಮೇಲೆ ಯಾವುದೋ ಪಲ್ಪರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ, ನೀರು ಹಳ್ಳ ಸೇರುತ್ತಿತ್ತು. ಹುಳಿ ಹುಳಿ ಕೊಳೆತ ವಾಸನೆ, ಚಹಾದಂಥ ಬಣ್ಣ, ಅಂಚಿನಲ್ಲಿ ನೊರೆ. ಹಣ್ಣಿನ ಸಿಹಿ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಬಲೆಯಲ್ಲಿ ಬಂದದ್ದು ರಕ್ತದ ಬಣ್ಣದ ಹುಳಗಳ ಗೊಂಚಲು. ನಮ್ಮ ರಕ್ತದ ಹಾಗೆ ಅವಕ್ಕೂ ಹಿಮೋಗ್ಲೋಬಿನ್ ಇದೆಯಂತೆ. ಉಸಿರಿಲ್ಲದ ನೀರಲ್ಲೂ ಅದರಿಂದ ಹೇಗೋ ಬದುಕುತ್ತವೆ. ಅವಳಿಗೆ ಅದೂ ಖುಷಿಯೇ. ನನಗೆ ಊಟ ಮೇಲೆ ಬರುವಂತಾಯಿತು.

ಸಂಜೆ ಜಗಲಿಯಲ್ಲಿ ಬಾಟ್ಲಿಗಳಿಗೆ ಚೀಟಿ ಅಂಟಿಸುತ್ತಾ ಕೂತಳು. ಅಮ್ಮ ಬಂದು ಕನ್ನಡಕ ಸರಿ ಮಾಡಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ಕಾಡಿನದ್ದು ಹತ್ತೊಂಬತ್ತು ಬಾಟ್ಲಿ. ನಮ್ಮದು ನಾಲ್ಕು. "ನಮ್ಮ ಹಳ್ಳದ್ದು ಇಷ್ಟೇನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕ್ಯಾನ್ ಇನ್ನೂ ಅಲ್ಲೇ ಇದೆಯಾ ಎಂದು ನೋಡಿ ಒಳಗೆ ಹೋದರು.

ಮಾರ್ಚ್‌ನಲ್ಲಿ ಜೆಸಿಬಿಯವನ ಫೋನ್ ಬಂತು. "ಗೌಡ್ರೆ, ಹಳ್ಳದ ಕೆಲಸ ಯಾವತ್ತು ಇಟ್ಕೊಳ್ಳೋಣ?"

"ಈ ಸಲ ಬೇಡ ಮಾರಾಯ."

"ಯಾಕೆ ಗೌಡ್ರೆ? ರೇಟು ಹೆಚ್ಚಿಸಿಲ್ಲ."

ಏನು ಹೇಳಬೇಕೋ ತೋಚಲಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಬೇರೆ ಸರಿಯಿಲ್ಲ. "ಅಲ್ಲಿ ಹುಳ ಇದಾವೆ" ಎಂದೆ.

"ಏನು, ಹೂಳಾ? ಹೂಳಿದ್ರೆ ತೆಗೀಲೇಬೇಕಲ್ವಾ! ನಾಳೆ ಬೆಳಿಗ್ಗೆನೇ ಬರ್ತೀನಿ" ಎಂದು ಇಟ್ಟೇಬಿಟ್ಟ.