ಕೈ ಇಡೋ ಜಾಗ ಬಿಟ್ಟು

"ಅಲ್ಲಿ ಕೈ ಇಡೋ ಜಾಗ ಬಿಟ್ಟು ಹಚ್ಚು ಕಣೇ."

ಭಾನುವಾರ ಬೆಳಿಗ್ಗೆ ಅಮ್ಮ ಹೇಳಿದ್ದು ಇಷ್ಟೇ. ಹೇಳಿ ಒಳಗೆ ಹೋದಳು. ನಾನು ಪ್ರೈಮರ್‌ನಲ್ಲಿ ಅದ್ದಿದ ಬ್ರಷ್ ಹಿಡಿದು ಅಪ್ಪನ ಮೇಜಿನ ಮುಂದೆ ಹಾಗೇ ನಿಂತಿದ್ದೆ. ವಾರವಿಡೀ ಆ ಮಾತು ಕಿವಿಯಲ್ಲೇ ಇದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ಲೈಟ್ ಆರಿಸಿದ ಮೇಲೂ.

ಮುಂದಿನ ಕೋಣೆ ಮಂಕಾಗಿ ಎಷ್ಟೋ ವರ್ಷವಾಗಿತ್ತು. ಒಂದು ಕಾಲದ ಬಿಳಿ ಗೋಡೆ ಈಗ ಯಾವ ಬಣ್ಣ ಅಂತ ಹೇಳೋಕೂ ಆಗುತ್ತಿರಲಿಲ್ಲ. ಸಾಮಾನೆಲ್ಲ ಕಂದು. ಅಪ್ಪ ಹೋದ ಮೇಲೆ ಆ ಕೋಣೆಗೆ ಯಾರೂ ಸುಮ್ನೆ ಹೋಗಿ ಕೂರುತ್ತಿರಲಿಲ್ಲ. ಏನಾದರೂ ಇಡೋಕೆ ಹೋಗುವುದು, ತೆಗೆದುಕೊಂಡು ಬರುವುದು, ಅಷ್ಟೇ. ನನಗೆ ಅದು ಸಹಿಸಲು ಆಗುತ್ತಿರಲಿಲ್ಲ. ಹೊಸ ಸಾಮಾನು ತರುವ ಆಸೆಯೂ ಇರಲಿಲ್ಲ. ಇರುವುದನ್ನೇ ಮತ್ತೆ ಎದ್ದು ನಿಲ್ಲುವ ಹಾಗೆ ಮಾಡಬೇಕಿತ್ತು.

ಅಣ್ಣನಿಗೆ ಫೋನ್ ಮಾಡಿದರೆ, "ಅದನ್ನ ಕೊಟ್ಟುಬಿಟ್ಟು ಹೊಸದು ತಗೋ, ಒಂದು ದಿನದ ಕೆಲಸ" ಅಂದ. ಅಣ್ಣ ಒಳ್ಳೆಯವನು, ಆದರೆ ಅವನಿಗೆ ಎಲ್ಲವೂ ಒಂದು ದಿನದಲ್ಲಿ ಮುಗಿಯಬೇಕು. ಚಿಕ್ಕಪ್ಪನದು ಇನ್ನೊಂದು ರೀತಿ. "ಮರಕ್ಕೆ ಯಾರಾದರೂ ಬಣ್ಣ ಬಳೀತಾರಾ? ಮರ ಮರದ ಹಾಗೇ ಇರಬೇಕು" ಅಂದರು. ಒಳ್ಳೆಯ ಮರ, ಒಳ್ಳೆಯ ಪಾಲಿಶ್ ಇದ್ದರೆ ಅವರ ಮಾತು ನಿಜ. ಅಂಥದ್ದಕ್ಕೆ ನಾನೂ ಬ್ರಷ್ ತಾಗಿಸುವುದಿಲ್ಲ. ಆದರೆ ಈ ಮೇಜಿನ ಕಾಲು ಒಂದು ಮರ, ಮೇಲಿನ ಹಲಗೆ ಇನ್ನೊಂದು. ಮುರಿದ ಮೂಲೆಗೆ ಯಾವಾಗಲೋ ಸೇರಿಸಿದ ತುಂಡು ಮೂರನೆಯದು. ಯಾವ ಪಾಲಿಶ್ ಹಚ್ಚಿದರೂ ಮೂರೂ ಮೂರು ಥರ ಕಾಣುತ್ತವೆ. ಬಣ್ಣ ಹಚ್ಚಿದರೆ ಒಂದಾಗುತ್ತವೆ. ಚಿಕ್ಕಪ್ಪ ಆ ಮೇಜನ್ನು ಹತ್ತಿರದಿಂದ ನೋಡಿ ಎಷ್ಟು ವರ್ಷವಾಯಿತೋ. ಹಳೆಯದನ್ನು ಮುಟ್ಟಬೇಡಿ ಅನ್ನುವವರು ಅದರ ಧೂಳು ಒರೆಸೋಕಾದರೂ ಒಮ್ಮೆ ಬರಬೇಕು ಅಂತ ನನಗೆ ಅನಿಸುತ್ತದೆ.

ಮೊದಲು ಗೋಡೆ. ಎಲ್ಲ ಗೋಡೆಗೂ ಹಚ್ಚಲಿಲ್ಲ, ಕಿಟಕಿಯ ಎದುರಿನದಕ್ಕೆ ಮಾತ್ರ. ಬೆಳಕು ಮೊದಲು ಬೀಳುವುದು ಅಲ್ಲಿ, ಅಲ್ಲಿಂದಲೇ ಕೋಣೆಗೆಲ್ಲ ಹರಡುವುದು. ಚಿಕ್ಕ ಕಾರ್ಡಿನ ಚೂರು ನೋಡಿ ಬಣ್ಣ ಆರಿಸಲು ಧೈರ್ಯ ಬರಲಿಲ್ಲ, ಚೂರಿನಲ್ಲಿ ತಿಳಿಯಾಗಿ ಕಾಣುವುದು ಇಡೀ ಗೋಡೆಗೆ ಬಂದಾಗ ಗಾಢವಾಗಿಬಿಡುತ್ತದೆ. ದೊಡ್ಡ ರಟ್ಟಿಗೆ ಹಳದಿ ಹಚ್ಚಿ ಗೋಡೆಗೆ ಒರಗಿಸಿ ಎರಡು ದಿನ ನೋಡಿದೆ. ಬೆಳಿಗ್ಗೆ ಹಗುರವಾಗಿತ್ತು, ಮಧ್ಯಾಹ್ನ ಇನ್ನೂ ಬಿಳಿಚಿತು, ರಾತ್ರಿ ಬಲ್ಬಿನ ಬೆಳಕಿಗೆ ಮಣ್ಣಿನ ಹತ್ತಿರಕ್ಕೆ ಹೋಯಿತು. ಮೂರೂ ಇಷ್ಟವಾಯಿತು. ಆ ಗೋಡೆ ಮುಗಿದ ಮೇಲೆ ಮೇಜಿಗೆ ಕಡು ಹಸಿರು ಅಂತ ನಿರ್ಧಾರ ಮಾಡಿದೆ.

ಮೇಜಿನ ವಾರ್ನಿಶ್ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. 80ನೇ ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಶುರು ಮಾಡಿ, ಆಮೇಲೆ 120, ಕೊನೆಗೆ 220. ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬಣ್ಣದ ಕೆಳಗಿಂದಲೂ ಕಾಣುತ್ತದೆ. ಹೀಗೆ ಉಜ್ಜುತ್ತಾ ಮುಂದಿನ ಅಂಚಿಗೆ ಬಂದಾಗ ಕೈ ತಾನಾಗಿ ನಿಂತಿತು. ಅಂಚಿನ ಹತ್ತಿರ, ಬಲಗಡೆಗೆ, ಒಂದು ಗೇಣು ಜಾಗದಲ್ಲಿ ವಾರ್ನಿಶ್ ಇರಲೇ ಇಲ್ಲ. ನಾನು ಉಜ್ಜುವ ಮೊದಲೇ ಅದು ನುಣುಪಾಗಿತ್ತು. ಸ್ವಲ್ಪ ತಗ್ಗಾಗಿಯೂ ಇತ್ತು, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಅಪ್ಪ ರಾತ್ರಿ ಕೂತು ಲೆಕ್ಕ ಬರೆಯುವಾಗ ಮಣಿಕಟ್ಟು ಊರುತ್ತಿದ್ದ ಜಾಗ.

ನಾನು ಅಮ್ಮನಿಗೆ ಏನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅಮ್ಮನ ಬಗ್ಗೆ ನನಗೆ ಭಯವಿತ್ತು. ಮೂರು ದಿನದಿಂದ ನಾನು ಉಜ್ಜುತ್ತಿದ್ದೆ, ಅವಳು ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದಳು, ಒಂದು ಮಾತಿಲ್ಲ. ಇಷ್ಟವಿಲ್ಲ, ನನಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದಾಳೆ ಅಂದುಕೊಂಡಿದ್ದೆ. ಅದಕ್ಕೇ ಬೇಗ ಬೇಗ ಪ್ರೈಮರ್ ಹಚ್ಚಿ ಮುಗಿಸಿಬಿಡೋಣ ಅಂತ ಹೊರಟಿದ್ದು. ಮುಗಿದ ಮೇಲೆ ಯಾರೂ ಏನೂ ಹೇಳೋಕಾಗಲ್ಲ ಅಲ್ವಾ.

ಆಗ ಆ ಮಾತು. ಬಳಿಯಬೇಡ ಅನ್ನಲಿಲ್ಲ. ಅಪ್ಪನ ಮೇಜು ಅಂತಲೂ ಅನ್ನಲಿಲ್ಲ. ಕೈ ಇಡೋ ಜಾಗ ಅಂದಳು, ಇನ್ನೂ ಅಲ್ಲಿ ಯಾರೋ ಕೈ ಇಡುತ್ತಾರೆ ಅನ್ನುವ ಹಾಗೆ.

ಸ್ವಲ್ಪ ಹೊತ್ತು ಬಿಟ್ಟು ಅವಳನ್ನು ಕರೆದೆ. "ಎಲ್ಲಿಂದ ಎಲ್ಲೀವರೆಗೆ ಬಿಡಲಿ ಅಮ್ಮ?" ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಪೆನ್ನು ಹಿಡಿದ ಹಾಗೆ ಬೆರಳು ಮಡಚಿ, ಮಣಿಕಟ್ಟನ್ನು ಆ ತಗ್ಗಿಗೆ ಇಟ್ಟಳು. ಆಮೇಲೆ ಇನ್ನೊಂದು ಕೈಯಲ್ಲಿ ಪೆನ್ಸಿಲ್ ತೆಗೆದುಕೊಂಡು ಸುತ್ತಲೂ ಗೆರೆ ಎಳೆದಳು. ಅವಳ ಕೈ ಚಿಕ್ಕದು, ಅಪ್ಪನದು ದೊಡ್ಡದು. ಅದನ್ನು ಲೆಕ್ಕ ಹಾಕಿ ಎರಡು ಬೆರಳು ಜಾಸ್ತಿ ಬಿಟ್ಟಳು.

ಆ ಎರಡು ಬೆರಳಿನ ಜಾಗ ನನ್ನ ಕಣ್ಣ ಮುಂದೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಮೊದಲು ಗೆರೆಯ ಸುತ್ತ ಟೇಪ್ ಅಂಟಿಸಿ ನೋಡಿದೆ. ಚೀಟಿ ಅಂಟಿಸಿದ ಹಾಗೆ ಚೌಕವಾಗಿ ಕಾಣಿಸಿತು. ಕಿತ್ತು ತೆಗೆದೆ. ಬರೀ ಕೈಯಲ್ಲೇ, ಬ್ರಷ್ ಹೆಚ್ಚು ಕಡಿಮೆ ಒಣಗಿಸಿಕೊಂಡು, ಅಂಚನ್ನು ತೆಳ್ಳಗೆ ಎಳೆದೆ. ಪ್ರೈಮರ್ ಒಂದು ಸಲ, ಬಣ್ಣ ಎರಡು ಸಲ, ಎರಡೂ ತೆಳುವಾಗಿ. ದಪ್ಪಗೆ ಒಂದೇ ಸಲ ಬಳಿದರೆ ಇಳಿಯುತ್ತದೆ, ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬುಧವಾರ ಬೆಳಿಗ್ಗೆ ದೀಪ ತಂದು ಮೇಜಿನ ಮೇಲೆ ಇಟ್ಟೆ, ಎತ್ತಿದಾಗ ದುಂಡಗೆ ಅಚ್ಚು ಬಿದ್ದಿತ್ತು. ಮುಟ್ಟಿದರೆ ಅಂಟದೇ ಇರೋಕೆ ಒಂದು ದಿನ ಸಾಕು, ಬಣ್ಣ ಪೂರ್ತಿ ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು. ಆ ಅಚ್ಚನ್ನು ಮತ್ತೆ ಸರಿಮಾಡಬೇಕು.

ಕುರ್ಚಿಗೂ ಅದೇ ಹಸಿರು ಹಚ್ಚುವ ಯೋಚನೆ ಇತ್ತು. ಅತ್ತಿಗೆ ತಡೆದರು. ಕುರ್ಚಿಗೆ ಯಾವ ಕಾಲದ್ದೋ ಬಣ್ಣ, ಪದರದ ಮೇಲೆ ಪದರ. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಒಣಗಿದ್ದನ್ನು ಹಾಗೇ ಉಜ್ಜಿದರೆ ಆ ಧೂಳು ಮನೆಯಲ್ಲೆಲ್ಲ ಹರಡುತ್ತದೆ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಅಮೆರಿಕದಲ್ಲಿ ಮನೆ ಬಣ್ಣದಲ್ಲಿ ಸೀಸ ನಿಷೇಧವಾದದ್ದೇ 1978ರಲ್ಲಿ. ಅಣ್ಣನ ಮಗ ಆ ಹೊತ್ತಿಗೆ ಸ್ಯಾಂಡ್ ಪೇಪರ್ ಹಿಡಿದು ನಾನೂ ಉಜ್ಜುತ್ತೀನಿ ಅಂತ ಪಕ್ಕದಲ್ಲೇ ಕೂತಿದ್ದ. ಅತ್ತಿಗೆಗೆ ಮನೆಯ ವಿಷಯದಲ್ಲಿ ಆಸಕ್ತಿ ಇಲ್ಲ ಅಂತ ನಾನು ಇಷ್ಟು ದಿನ ತಿಳಿದುಕೊಂಡಿದ್ದು ತಪ್ಪು. ಕುರ್ಚಿಯನ್ನು ಉಜ್ಜದೆ ಹಾಗೇ ಬಿಟ್ಟೆ, ಮೇಲೊಂದು ದಪ್ಪ ಹೊದಿಕೆ ಹಾಕಿದೆ. ಮೂಲೆಯ ತಗಡಿನ ಟ್ರಂಕು ಮಾತ್ರ ತುಕ್ಕು ಕೆರೆಸಿಕೊಂಡು, ರೆಡ್ ಆಕ್ಸೈಡ್ ಹಚ್ಚಿಸಿಕೊಂಡು, ಕಿಟಕಿಯ ಕೆಳಗೆ ಕೂರುವ ಜಾಗವಾಯಿತು.

ಬುಧವಾರ ಸಂಜೆ ಅಮ್ಮ ಕೋಣೆಗೆ ಬಂದು ತುಂಬಾ ಹೊತ್ತು ಮೇಜನ್ನೇ ನೋಡಿದಳು. "ಆ ಮರಕ್ಕೂ ಏನೋ ಹಚ್ಚಿದ್ದೀಯಾ? ಕೆಂಪಾಗಿದೆ."

"ಇಲ್ಲಮ್ಮ. ಅದಕ್ಕೆ ಏನೂ ಮುಟ್ಟಿಸಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಸುತ್ತ ಹಸಿರು ಬಂದ ಮೇಲೆ ಆ ಒಂದು ಗೇಣು ಮರ ಮೊದಲಿಗಿಂತ ಕೆಂಪಾಗಿಯೇ ಕಾಣುತ್ತಿತ್ತು. ಇದಕ್ಕೆ ಒಂದು ಹಳೇ ಕಥೆ ಇದೆ. ಪ್ಯಾರಿಸ್ಸಿನಲ್ಲಿ ಗೋಬೆಲಿನ್ಸ್ ಅನ್ನುವ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ಮಿಷೆಲ್ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿಯದು. ಕಪ್ಪು ನೂಲು ಮಂಕಾಗಿ ಬರುತ್ತಿದೆ ಅಂತ ಅವರಿಗೆ ದೂರು ಬಂತು. ಪರೀಕ್ಷೆ ಮಾಡಿದರೆ ಕಪ್ಪಿನಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳಿಂದ ಅದು ಹಾಗೆ ಕಾಣುತ್ತಿತ್ತು. ಒಂದು ಬಣ್ಣ ಪಕ್ಕದ ಬಣ್ಣವನ್ನು ಹೇಗೆ ಬದಲಾಯಿಸುತ್ತದೆ ಅಂತ ಅವರು 1839ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದರು. ಹಸಿರಿನ ಪಕ್ಕ ಇಟ್ಟದ್ದು ಕೆಂಪಿನ ಕಡೆ ವಾಲುತ್ತದೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ಮೊದಲೂ ಇತ್ತು, ಕಾಣ್ತಿರಲಿಲ್ಲ" ಅಂದಳು. ಹೌದಲ್ವಾ. ಇಷ್ಟು ವರ್ಷ ಎಲ್ಲ ಕಂದಿನ ಮಧ್ಯೆ ಅದೂ ಒಂದು ಕಂದು. ನಾನು ಅದರ ಮೇಲೆ ಪುಸ್ತಕ ಇಟ್ಟಿದ್ದೇನೆ, ಬಟ್ಟೆ ಮಡಚಿ ಇಟ್ಟಿದ್ದೇನೆ, ಕಂಡಿರಲಿಲ್ಲ. ಹಾಗೇ ಬಿಟ್ಟರೆ ಉಳಿಯುತ್ತದೆ ಅಂತ ನಾವು ಆ ಕೋಣೆಯಲ್ಲಿ ಏನನ್ನೂ ಮುಟ್ಟದೆ ಇಟ್ಟಿದ್ದೆವು, ಆದರೆ ಆ ಕೈಯ ಗುರುತು ಅಮ್ಮನಿಗೆ ಬಿಟ್ಟು ಯಾರಿಗೂ ನೆನಪಿರಲಿಲ್ಲ. ಈಗ ಬಾಗಿಲಲ್ಲಿ ನಿಂತವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಣ್ಣ ಬಂದಾಗಲೂ ಹಾಗೇ ಆಯಿತು. ಇದೇನು ಅಂತ ಕೇಳಿದ. ನಾನು ಹೇಳಲಿಲ್ಲ, ಅಮ್ಮನೇ ಹೇಳಿದಳು. ಅವನು ಕೂತು ತನ್ನ ಮಣಿಕಟ್ಟನ್ನು ಅಲ್ಲಿಟ್ಟು ನೋಡಿದ. ಅವನಿಗೆ ಸರಿಯಾಗಿ ಕೂತಿತು.

ಇವತ್ತು ಬೆಳಿಗ್ಗೆ ಡಬ್ಬಿಯಲ್ಲಿ ಉಳಿದ ಹಸಿರನ್ನು ಮುಚ್ಚಿಡೋಣ ಅಂತ ಕೂತಿದ್ದೆ. ಅಮ್ಮ ಹಿತ್ತಲಿನಿಂದ ಒಂದು ಕಾಲು ಅಲ್ಲಾಡುವ ಸ್ಟೂಲ್ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು.

"ಇದಕ್ಕೆ ಪೂರ್ತಿ ಹಚ್ಚು" ಅಂದಳು. "ಇದರಲ್ಲಿ ಬಿಡೋದೇನೂ ಇಲ್ಲ."