ಯೂರಿನ್ ಪೈಪ್ ಇನ್ನೂ ಬೇಕಾ ಅಂತ ಕೇಳಿ

ಹೋದ ವರ್ಷ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೇ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು, ಇನ್ನೇನು ಮನೆಗೆ ಹೊರಡೋದೇ ಅಂತ ನಾವು ಬಟ್ಟೆಬರೆ ಜೋಡಿಸಿಕೊಳ್ಳುತ್ತಿದ್ದೆವು. ಐದನೇ ದಿನ ರಾತ್ರಿ ಚಳಿಜ್ವರ ಬಂತು. ಬೆಳಗಾಗುವಷ್ಟರಲ್ಲಿ ನನ್ನ ಗುರುತೂ ಸಿಗಲಿಲ್ಲ. "ಯಾರಪ್ಪ ನೀನು?" ಅಂದರು.

ಮೂತ್ರದ ಸೋಂಕು. ಕಲ್ಚರ್ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇತ್ತು, ಮಾಮೂಲಿ ಆಂಟಿಬಯಾಟಿಕ್‌ಗಳಿಗೆ ಅದು ಜಗ್ಗಲಿಲ್ಲ. ಮತ್ತೆ 11 ದಿನ ಆಸ್ಪತ್ರೆ, ದಿನಕ್ಕೆ ಮೂರು ಹೊತ್ತು ಇಂಜೆಕ್ಷನ್.

ಆಮೇಲೆ ನೆನಪಾಯಿತು. ಆಪರೇಷನ್ ದಿನ ಹಾಕಿದ ಯೂರಿನ್ ಪೈಪ್ ಐದನೇ ದಿನವೂ ಹಾಗೇ ಇತ್ತು. ಅಮ್ಮ ನಡೆಯೋಕೆ ಶುರು ಮಾಡಿದ್ದರು, ಆದರೂ ಅದನ್ನು ತೆಗೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ರಾತ್ರಿ ಬೆಡ್‌ಪ್ಯಾನ್ ಇಡುವ ಗೋಜಿಲ್ಲವಲ್ಲ ಅಂತ ಸಮಾಧಾನವೇ ಆಗಿತ್ತು. ಪೈಪ್ ಇದ್ದಷ್ಟು ದಿನ, ದಿನಕ್ಕೆ ಸುಮಾರು ಶೇ 3ರಿಂದ 7ರಷ್ಟು ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ ಅಂತ ಆಮೇಲೆ ಓದಿದೆ. ಇನ್ನೊಂದು ದೃಶ್ಯವೂ ಕಣ್ಣ ಮುಂದೆ ಬರುತ್ತದೆ. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಆ ಮೂತ್ರದ ಚೀಲವನ್ನು ಸ್ಟ್ರೆಚರ್ ಮೇಲೆ, ಅಮ್ಮನ ಹೊಟ್ಟೆಯ ಮೇಲೇ ಇಟ್ಟಿದ್ದರು. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ಮೇಲೆತ್ತಿದರೆ ಅದರಲ್ಲಿರೋದು ವಾಪಸ್ ಒಳಗೆ ಹರಿಯಬಹುದು. ಅದರಿಂದಲೇ ಸೋಂಕು ಬಂತು ಅಂತ ಹೇಳಲಾರೆ. ಆದರೆ ಆವತ್ತು ನಾನು ಪಕ್ಕದಲ್ಲೇ ನಡೀತಾ ಇದ್ದೆ.

ಇದು ನಮ್ಮೊಬ್ಬರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ 100 ಜನರಲ್ಲಿ 7 ಮಂದಿಗೆ ಅಲ್ಲೇ ಸೋಂಕು ತಗಲುತ್ತದೆ, ನಮ್ಮಂಥ ದೇಶಗಳಲ್ಲಿ 15 ಮಂದಿಗೆ. ಹೀಗೆ ಸೋಂಕು ತಗಲಿದ ಹತ್ತು ಜನರಲ್ಲಿ ಒಬ್ಬರು ಸಾಯುತ್ತಾರೆ. ಐಸಿಯುನಲ್ಲಿ ಸೋಂಕು ಇನ್ನೂ ಜಾಸ್ತಿ, ಅಲ್ಲಿ ಒಬ್ಬರ ಮೈಗೇ ವೆಂಟಿಲೇಟರ್, ಡ್ರಿಪ್, ಯೂರಿನ್ ಪೈಪ್ ಎಲ್ಲ ಇರುತ್ತವಲ್ಲ, ಒಂದೊಂದೂ ರೋಗಾಣುವಿಗೆ ಒಂದೊಂದು ಬಾಗಿಲು. ನನಗೆ ಸಂಕಟ ಆಗೋದು ಇದಕ್ಕೆ: ಕೈ ಸರಿಯಾಗಿ ತೊಳೆದು, ಚೊಕ್ಕಟ ಕಾಪಾಡಿದರೆ ಶೇ 70ರವರೆಗೂ ಇದನ್ನು ತಡೆಯಬಹುದಂತೆ. 1847ರಲ್ಲೇ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್ವೈಸ್ ಅನ್ನೋ ಡಾಕ್ಟರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ಎಷ್ಟೋ ಇಳಿಸಿದ್ದರು.

ಸಿಸ್ಟರ್‌ಗಳನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡ್ ನೋಡಿಕೊಳ್ಳುತ್ತಿದ್ದರು, ಊಟ ಮಾಡಿದ್ದನ್ನೂ ನಾನು ನೋಡಲಿಲ್ಲ. ನೋಡೋಕೆ ಬರುವ ನಾವೂ ಕಡಿಮೆಯೇನಿಲ್ಲ, ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ರೋಗಿಯ ತಲೆ ಸವರುತ್ತೇವೆ.

ಹೋದ ತಿಂಗಳು ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಮಾರನೇ ದಿನ ರೌಂಡ್ಸಿಗೆ ಬಂದ ಡಾಕ್ಟರನ್ನು, ಸ್ವಲ್ಪ ಅಳುಕುತ್ತಲೇ, "ಸಾರ್, ಯೂರಿನ್ ಪೈಪ್ ಇನ್ನೂ ಬೇಕಾ?" ಅಂತ ಕೇಳಿದೆ. ಅವರು ಫೈಲ್ ನೋಡಿ, "ಬೇಡ, ತೆಗೆಸಿಬಿಡೋಣ" ಅಂದರು. ಮಧ್ಯಾಹ್ನ ಚಿಕ್ಕಪ್ಪ ನನ್ನ ಹೆಗಲು ಹಿಡಿದುಕೊಂಡು ತಾವೇ ಟಾಯ್ಲೆಟ್ಟಿಗೆ ನಡೆದು ಹೋದರು.