ಮಾತ್ರೆ ಇಲ್ಲ ಅಂದ ಮೇಲೆ ಎಲ್ಲಿದೆ ಅಂತಲೂ ಹೇಳಬೇಕು

ಎಸ್ಟೇಟಿನ ರೈಟರ್ (ಗುಮಾಸ್ತರು) ಕೂಲಿಯವರ ಲೈನ್ ಮನೆಗಳಿಂದ ಹತ್ತು ಡಾಕ್ಟರ್ ಚೀಟಿ ಹಿಡಿದು ಮೂಡಿಗೆರೆ ಪೇಟೆಗೆ ಇಳಿದಿದ್ದಾರೆ ಅಂದುಕೊಳ್ಳಿ. ಲಾಕ್‌ಡೌನು, ಬಸ್ಸಿಲ್ಲ, ಅಂಗಡಿ ಬಾಗಿಲು ಹಾಕುವ ಹೊತ್ತು. ಆಗ ಮೊದಲ ಮೆಡಿಕಲ್‌ನಲ್ಲೇ ‘ನಮ್ಮಲ್ಲಿ ಖಾಲಿ, ಬಸ್ ಸ್ಟ್ಯಾಂಡ್ ಹತ್ತಿರದವರಲ್ಲಿ ಎರಡು ಸ್ಟ್ರಿಪ್ ಇದೆ, ತೆಗೆದಿಡೋಕೆ ಹೇಳಿದ್ದೀನಿ’ ಎಂಬ ಮಾತು ಸಿಗಬೇಕು. ಊರಿನ ಮೆಡಿಕಲ್‌ಗಳೆಲ್ಲ ಒಂದು ವಾಟ್ಸಾಪ್ ಗುಂಪಿನಲ್ಲಿದ್ದರೆ ಇದು ಕಷ್ಟವೇನಲ್ಲ. ಹಾಕುವ ಸಂದೇಶ ಮಾತ್ರ ಸರಿಯಾಗಿರಬೇಕು.

ಶುಗರ್ ಮಾತ್ರೆಗೆ ಬರೀ ‘ಮೆಟ್‌ಫಾರ್ಮಿನ್ ಇದೆ’ ಅಂತ ಹಾಕಿದರೆ ಏನೂ ತಿಳಿಯುವುದಿಲ್ಲ. 500 ಮಿ.ಗ್ರಾಂನದು ಬೇಕಾದವರು 1000ದ್ದು ಇರುವ ಅಂಗಡಿಗೆ ನಡೆದು ಹೋಗಿ ಬರಿಗೈಲಿ ವಾಪಸಾಗುತ್ತಾರೆ. ‘ಮೆಟ್‌ಫಾರ್ಮಿನ್ 500 ಎಸ್‌ಆರ್, 20 ಸ್ಟ್ರಿಪ್, ಬೆಳಿಗ್ಗೆ 10ಕ್ಕೆ’ ಎಂದು ಹಾಕಿ (ಎಸ್‌ಆರ್ ಅಂದರೆ ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ). ಸ್ಟಾಕ್ ಮುಗಿದ ಕೂಡಲೇ ಆ ಸಂದೇಶ ಅಳಿಸಿ. ರೋಗಿಯ ಚೀಟಿಯ ಫೋಟೋ ಗುಂಪಿಗೆ ಹಾಕಲೇಬೇಡಿ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಸಣ್ಣ ಊರಲ್ಲಿ ಹೆಸರು, ಕಾಯಿಲೆ ಹೊರಬಿದ್ದರೆ ಆ ಮನೆಯವರು ತಿಂಗಳುಗಟ್ಟಲೆ ಅನುಭವಿಸಬೇಕಾಗುತ್ತದೆ.

ಅಂಗಡಿಯಿಂದ ಅಂಗಡಿಗೆ ಸ್ಟ್ರಿಪ್ ಕೈಗಡ ಕೊಡುವ ರೂಢಿ ನಮ್ಮಲ್ಲಿದೆ. ಒಳ್ಳೆ ಮನಸ್ಸಿನಿಂದಲೇ ಕೊಡುತ್ತಾರೆ, ಆದರೂ ಬೇಡ. ಫಾರಂ 20, 21ರ ಲೈಸೆನ್ಸ್ ಇರುವುದು ಚಿಲ್ಲರೆ ಮಾರಾಟಕ್ಕೆ. ಸಗಟಿಗೆ 20ಬಿ, 21ಬಿ ಬೇರೆಯೇ ಬೇಕು. ಬಿಲ್ಲಿಲ್ಲದೆ ಕೈ ಬದಲಾದ ಮಾತ್ರೆಯ ಬ್ಯಾಚ್ ನಂಬರ್ ಎಲ್ಲೂ ದಾಖಲಾಗುವುದಿಲ್ಲ. ನಾಳೆ ಕಂಪನಿ ಆ ಬ್ಯಾಚ್ ವಾಪಸ್ ಕರೆದರೆ ಯಾರ ಮನೆ ಸೇರಿದೆ ಎಂದು ಹುಡುಕಲಾಗದು. ಚೀಟಿ ಸಮೇತ ಗಿರಾಕಿಯನ್ನೇ ಆ ಅಂಗಡಿಗೆ ಕಳಿಸಿ. ಒಂದು ಬಿಲ್ ಕಳೆದುಕೊಳ್ಳುತ್ತೀರಿ ನಿಜ, ನಾಳೆ ಅವರೂ ನಿಮ್ಮಲ್ಲಿಗೆ ಕಳಿಸುತ್ತಾರೆ.

ಒಬ್ಬರೇ ಐದು ಅಂಗಡಿ ಸುತ್ತಿ ಗುಡ್ಡೆ ಹಾಕಿಕೊಳ್ಳುವುದನ್ನು ತಡೆಯಲು ಎಲ್ಲರೂ ಒಂದೇ ಅಳತೆಗೆ ಬರಬೇಕು: ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಮಾಮೂಲಿಗೆ ಒಂದು ತಿಂಗಳಿನದು, ಸ್ಟಾಕ್ ಇಳಿದರೆ 15 ದಿನದ್ದು. ಹೈಡ್ರಾಕ್ಸಿಕ್ಲೋರೋಕ್ವಿನ್ ನೆನಪಿರಬೇಕಲ್ಲ. 2020ರ ಮಾರ್ಚ್‌ನಲ್ಲಿ ಅದು ಕೊರೊನಾಕ್ಕೆ ಆಗುತ್ತದೆ ಎಂಬ ಸುದ್ದಿ ಕೇಳಿದವರೆಲ್ಲ ಅದಕ್ಕೆ ಮುಗಿಬಿದ್ದರು. ಸಂಧಿವಾತ, ಲೂಪಸ್‌ಗೆ ಅದನ್ನು ದಿನಾ ನುಂಗಬೇಕಾದವರು ಪರದಾಡಿದರು. ಮಾರ್ಚ್ 26ರಂದು ಸರ್ಕಾರ ಅದರ ಮಾರಾಟವನ್ನು ಶೆಡ್ಯೂಲ್ ಎಚ್1 ನಿಯಮಕ್ಕೆ ತಂದಿತು: ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲ ಬೇರೆ ರಿಜಿಸ್ಟರಿನಲ್ಲಿ, ಅದೂ ಮೂರು ವರ್ಷ ಕಾದಿಡಬೇಕು. ಇಂಥ ಆದೇಶ ಬಂದ ದಿನವೇ ಅದರ ಪ್ರತಿ ಗುಂಪಿಗೆ ಬೀಳಬೇಕು, ಫಾರ್ವರ್ಡ್ ಆದ ಸಾರಾಂಶವಲ್ಲ.

ಇನ್ಸುಲಿನ್ ವಿಷಯದಲ್ಲಿ ಮಾತ್ರ ‘ಯಾವುದೋ ಒಂದು ಸಿಕ್ಕಿತಲ್ಲ’ ಎಂದು ಸಮಾಧಾನಪಡಬೇಡಿ. ವಯಲ್ (ಸಣ್ಣ ಬಾಟಲಿ) 40 ಐಯು, 100 ಐಯು ಎರಡೂ ಸಿಗುತ್ತವೆ; ಐಯು ಅಂದರೆ ಒಂದು ಎಂಎಲ್‌ನಲ್ಲಿ ಎಷ್ಟು ಯೂನಿಟ್ ಇನ್ಸುಲಿನ್ ಇದೆ ಎಂಬ ಲೆಕ್ಕ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ. ದಿನಾ 20 ಯೂನಿಟ್ ಹಾಕುವವರು 100ರ ವಯಲ್‌ನಿಂದ ಕೆಂಪು ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಶುಗರ್ ಕುಸಿದು ಪ್ರಾಣಕ್ಕೇ ಕುತ್ತು ಬರುತ್ತದೆ. ಆದ್ದರಿಂದ ಗುಂಪಿನಲ್ಲಿ ಇನ್ಸುಲಿನ್ ಎಂದು ಹಾಕುವಾಗ ಐಯು ಬರೆಯದ ಸಂದೇಶವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಒಳಗೊಂದು ಥರ್ಮಾಮೀಟರ್ ಇಡಿ, ಕರೆಂಟ್ ಇಲ್ಲದಾಗ ಬಾಗಿಲು ತೆಗೆಯಬೇಡಿ. ದೂರ ಹೋಗುವವರಿಗೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್ ಹಾಕಿ ಕೊಡುವಾಗ ನಡುವೆ ಬಟ್ಟೆ ಅಥವಾ ರಟ್ಟು ಇರಲಿ. ಐಸಿಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಫಾರ್ಮಾಸಿಸ್ಟ್‌ಗೇ ಜ್ವರ ಬಂದು ಅಂಗಡಿ ಮುಚ್ಚಿದರೆ ಶಟರ್ ಮೇಲೆ ಬರೀ ‘ಮುಚ್ಚಿದೆ’ ಎಂದು ಅಂಟಿಸಬೇಡಿ. ಮುಚ್ಚಿದ ದಿನಾಂಕ, ಹತ್ತಿರದಲ್ಲಿ ತೆರೆದಿರುವ ಅಂಗಡಿ, ಅದು ಎಷ್ಟು ಗಂಟೆಯವರೆಗೆ ಇರುತ್ತದೆ, ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ.